ಸೀಬ್ರಿಂಗ್ ರಸ್ತೆಯ ಜಲ್ಲಿ

ಆರ್ಡಿತ್ ಸೀಬ್ರಿಂಗ್‌ಗೆ ಸಿಟ್ಟು ಬಂದಿದೆ ಎಂದರೆ ನಮ್ಮೂರಲ್ಲಿ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅವಳು ಯಾರನ್ನೂ ಬೈಯದೆ ಅಂಗಡಿಗೆ ಬಂದು ಹೋದ ದಿನ ಮಾತ್ರ, ಮೈಗೆ ಹುಷಾರಿಲ್ಲವೇನೋ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅಂಥವಳಿಗೂ ಆ ಏಪ್ರಿಲ್‌ನಲ್ಲಿ ಬಂದ ಸಿಟ್ಟು ಬೇರೆಯದೇ. ಅವಳ ಮನೆತನದ ಹೆಸರಿನ ರಸ್ತೆಗೆ ಯಾರೋ ಅಡ್ಡಲಾಗಿ ಸರಪಳಿ ಬಿಗಿದು ಬೀಗ ಜಡಿದಿದ್ದರು.

ಸೀಬ್ರಿಂಗ್ ರಸ್ತೆ ದೊಡ್ಡ ಹೆದ್ದಾರಿಯೇನಲ್ಲ. ಕ್ಯೂಕಾ ಸರೋವರದ ಮೇಲಿನ ಗುಡ್ಡದಲ್ಲಿ ಹೊರಟು, ಹಸುಗಳ ಹುಲ್ಲುಗಾವಲು, ಜೋಳದ ಹೊಲ, ದ್ರಾಕ್ಷಿ ತೋಟಗಳ ನಡುವೆ ಏರುತ್ತ ಇಳಿಯುತ್ತ ನೀರಿನ ಅಂಚಿಗೆ ಮುಟ್ಟುವ ಜಲ್ಲಿ ದಾರಿ. ಎರಡು ಕಾರು ಎದುರಾದರೆ ಒಂದು ಹುಲ್ಲಿಗೆ ಇಳಿಯಬೇಕು. ಯಾರದು ಇಳಿಯಬೇಕು ಎಂಬುದರ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತುಹೋಗಿದ್ದೂ ಉಂಟು.

ಆರ್ಡಿತ್ ನಿವೃತ್ತಿಯಾಗುವವರೆಗೂ ಊರಿನ ರಸ್ತೆ ಇಲಾಖೆಯಲ್ಲಿ ಜಲ್ಲಿ ಹರವಿ ಸಮ ಮಾಡುವ ಗ್ರೇಡರ್ ಓಡಿಸಿದವಳು. ಹೊಟ್ಟೆಯಡಿ ಉದ್ದನೆಯ ಅಲಗು ಕಟ್ಟಿಕೊಂಡ ಆ ಹಳದಿ ಯಂತ್ರವನ್ನು ಹೆಂಗಸೊಬ್ಬಳು ಓಡಿಸುವುದೆಂದರೆ ಆ ಕಾಲಕ್ಕೆ ಊರಿಗೆಲ್ಲ ತಮಾಷೆ. ಮೊದಲ ದಿನ ಜೊತೆಯ ಗಂಡಸರು ಸೀಟಿನ ಮೇಲೆ ಹೂವಿನ ಕಸೂತಿಯ ದಿಂಬೊಂದನ್ನು ಇಟ್ಟು, ಅವಳ ಮುಖ ನೋಡಲು ಸಾಲಾಗಿ ನಿಂತಿದ್ದರು. ಅವಳು ಒಂದು ಮಾತೂ ಆಡದೆ ದಿಂಬಿನ ಮೇಲೆ ಕೂತು ಯಂತ್ರ ಚಾಲೂ ಮಾಡಿದಳು. ಕೊನೆಯ ದಿನದವರೆಗೂ ಅದೇ ದಿಂಬು. ಹರಿದಾಗಲೆಲ್ಲ ತಾನೇ ತೇಪೆ ಹಾಕಿದಳು. ಬೇರೆ ಯಾರಾದರೂ ಅದರ ಮೇಲೆ ಕೂತರೆ ಅವತ್ತು ಅವರ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಗಂಡ ಒಬ್ಬನಿದ್ದ. ಬಹಳ ಹಿಂದೆಯೇ ಫ್ಲೋರಿಡಾಕ್ಕೆ ಹೋದ. "ಅವನಿಗೆ ಬಿಸಿಲು ಬೇಕಂತೆ" ಎಂದಷ್ಟೇ ಅವಳು ಹೇಳುತ್ತಿದ್ದದ್ದು. ಉಳಿದದ್ದನ್ನು ಊರವರು ತಾವೇ ಊಹಿಸಿಕೊಂಡರು, ಊಹೆ ಕಷ್ಟವೇನಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಸೊಂಟ ಕೈಕೊಟ್ಟಿತು. ಗುಡ್ಡ ಹತ್ತಿಳಿದು ನಡೆಯಬೇಡಿ, ಬೇಕಾದರೆ ಸೈಕಲ್ ತುಳಿಯಿರಿ ಎಂದ ಡಾಕ್ಟರು. ಆರ್ಡಿತ್ ಡಾಕ್ಟರಿಗೂ ಬೈದಳು, ಆಮೇಲೆ ಯಾರದೋ ಮನೆಯಂಗಳದ ಹಳೇ ಸಾಮಾನಿನ ಮಾರಾಟದಲ್ಲಿ ದಪ್ಪ ಟೈರಿನ ಸೈಕಲ್ಲೊಂದನ್ನು ಹಿಡಿದು ತಂದಳು. ಒಂದೇ ಬೇಸಿಗೆಯಲ್ಲಿ ಅದರ ಹುಚ್ಚು ಹತ್ತಿತು. ತಾನು ವರ್ಷಗಟ್ಟಲೆ ಹರವಿದ ಜಲ್ಲಿ ಟೈರಿನಡಿ ಕರಕರ ಅನ್ನುವುದನ್ನು ಅವಳು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಗ್ರೇಡರಿನ ಸದ್ದಿಗೆ ಏನು ಕೇಳುತ್ತದೆ? ಡಾಂಬರಿನ ತುಣುಕೂ ಸಿಗದ ಹಾಗೆ ಗುಡ್ಡದಿಂದ ಗುಡ್ಡಕ್ಕೆ, ಸರೋವರದಿಂದ ಸರೋವರಕ್ಕೆ ಜಲ್ಲಿ ದಾರಿಗಳನ್ನೇ ಹೆಣೆದು ಸವಾರಿಯ ಸುತ್ತು ಮಾಡಿದಳು. ತಿರುವುಗಳಲ್ಲಿ ಸುಣ್ಣದ ಪುಡಿಯಿಂದ ಬಾಣದ ಗುರುತು ಹಾಕಿದಳು. ಪ್ರತಿ ಜೂನ್‌ನಲ್ಲಿ ರೋಚೆಸ್ಟರ್, ಇಥಾಕಾ ಕಡೆಯಿಂದ ಜನ ಆ ಸುತ್ತು ತುಳಿಯಲು ಬರತೊಡಗಿದರು. ಕೊನೆಗೆ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಕೆಂಡದ ಮೇಲೆ ಸುಟ್ಟ ಕೋಳಿ, ಉಪ್ಪುನೀರಲ್ಲಿ ಬೇಯಿಸಿದ ಆಲೂಗಡ್ಡೆ, ದ್ರಾಕ್ಷಿ ಹೂರಣ ತುಂಬಿ ಬೇಯಿಸಿದ ಪೈ. ಮೈಗಂಟಿದ ಬಣ್ಣಬಣ್ಣದ ಬಟ್ಟೆಯ ಸವಾರರು ಏರಿನಲ್ಲಿ ಏದುಸಿರು ಬಿಡುವಾಗ, ಹಳೇ ಕಾಲದಂತೆಯೇ ಬದುಕುವ ಕ್ರೈಸ್ತ ಪಂಗಡದ, ಉದ್ದ ಲಂಗದ ಮೆನೊನೈಟ್ ಹುಡುಗಿಯರು ಹಳೇ ಸೈಕಲ್ಲಿನ ಬುಟ್ಟಿಯಲ್ಲಿ ಮೊಟ್ಟೆ ಇಟ್ಟುಕೊಂಡು ಪಕ್ಕದಲ್ಲೇ ಹಾದು ಮುಂದೆ ಹೋಗುತ್ತಿದ್ದರು. ಆರ್ಡಿತ್ ನಗುತ್ತಿದ್ದದ್ದು ಆವಾಗ ಮಾತ್ರ.

ಇಡೀ ಸುತ್ತಿನ ಕಳಶ ಎಂದರೆ ಸೀಬ್ರಿಂಗ್ ರಸ್ತೆಯ ಕೊನೆಯ ಇಳಿಜಾರು, ಎದುರಿಗೆ ಪೂರಾ ಸರೋವರ. ಸರಪಳಿ ಬಿದ್ದದ್ದು ಅಲ್ಲಿಗೇ.

ಕೆಳಗೆ ನೀರಿನಂಚಿನ ಮನೆಯನ್ನು ಹಿಂದಿನ ವರ್ಷ ಕೊಂಡುಕೊಂಡಿದ್ದವನು ಪೆಲ್ಹಾಮ್ ಎಂಬ ದೊಡ್ಡ ನಗರದ ಆಸಾಮಿ. ನಯವಾದ ಮಾತಿನವನು, ಆರ್ಡಿತ್‌ಗೆ ಆಗಿಬರದ ಜಾತಿ. ಅವಳು ಸೈಕಲ್ಲನ್ನು ಸರಪಳಿಯ ಮೇಲೆ ಎತ್ತಿ ದಾಟಿಸಿ, ನೇರ ಅವನ ಬಾಗಿಲಿಗೆ ಹೋಗಿ ಗುದ್ದಿದಳು.

"ನೋಡಿ ಮೇಡಂ," ಎಂದ ಪೆಲ್ಹಾಮ್, "ನಮ್ಮ ವಕೀಲರು ಎಲ್ಲ ನೋಡಿದ್ದಾರೆ. ಆರು ವರ್ಷ ಜನ ಓಡಾಡದೆ ಇದ್ದ ರಸ್ತೆ ಈ ರಾಜ್ಯದಲ್ಲಿ ರಸ್ತೆನೇ ಅಲ್ಲ. ಈ ಕೆಳಗಿನ ತುಂಡನ್ನ ನಿಮ್ಮೂರು ಯಾವಾಗಲೋ ಕೈಬಿಟ್ಟಿದೆ."

"ಜನ ಓಡಾಡದೆ ಇದ್ದ ರಸ್ತೆನಾ? ಹಂಗಾದ್ರೆ ನಾನೇನು ದೆವ್ವಾನಾ? ನಿಮ್ಮ ಕಿಟಕಿ ಮುಂದೇನೇ ಹೋಗ್ತೀನಲ್ಲ!"

"ಒಬ್ಬರು ಸೈಕಲ್ ತುಳಿದ್ರೆ ಅದು ಜನ ಆಗಲ್ಲ ಮೇಡಂ."

"ಮೇಡಂ ಗೀಡಂ ಅನ್ಬೇಡಿ. ನನ್ನ ಹಂಗೆ ಕರೆದೋರು ಯಾರೂ ಇಲ್ಲೀತನಕ ನಂಗೆ ಒಳ್ಳೇದು ಮಾಡಿಲ್ಲ. ಜನ ಬೇಕಾ ನಿಮಗೆ? ತೋರಿಸ್ತೀನಿ ಜನ!"

ಪೆಲ್ಹಾಮ್ ಬಾಗಿಲು ಹಾಕಿಕೊಂಡ. ಮೆಲ್ಲಗೆ ಹಾಕಿಕೊಂಡ, ಅದೂ ಅವಳಿಗೆ ಸಿಟ್ಟು ತರಿಸಿತು.

ಅಲ್ಲಿಂದ ಗುಡ್ಡ ಹತ್ತಿ ಎಲಾಮ್ ನೋಲ್ಟ್‌ನ ಮನೆಗೆ ಬಂದಳು. ಎಲಾಮ್ ಮೆನೊನೈಟರವನು. ಮೇಲೆ ಮನೆ, ಕೊಟ್ಟಿಗೆ; ದ್ರಾಕ್ಷಿ ತೋಟ ಮಾತ್ರ ಸರಪಳಿಯ ಆಚೆ, ಸರೋವರದ ದಂಡೆಯಲ್ಲಿ. ನೀರಿನ ಬಿಸುಪಿಗೆ ಅಲ್ಲಿ ಹಿಮ ತಡವಾಗಿ ಬೀಳುತ್ತದೆ, ಹಣ್ಣು ಚೆನ್ನಾಗಿ ಬಲಿಯುತ್ತದೆ. ಅವನ ಸಂಸಾರ ನಡೆಯುವುದೇ ಆ ತೋಟದಿಂದ. ತನಗಿಂತ ಹೆಚ್ಚು ಅವನಿಗೇ ಸಿಟ್ಟು ಬಂದಿರುತ್ತದೆ ಎಂದು ಅವಳು ನಂಬಿಕೊಂಡಿದ್ದಳು. ಎಲಾಮ್ ಜೇಬಿಗೆ ಕೈ ಹಾಕಿ ಬೀಗದ ಕೈಯೊಂದನ್ನು ತೆಗೆದು ತೋರಿಸಿದ.

"ಅವರೇ ಬಂದು ಕೊಟ್ರು. ಹೋಗುವಾಗ ತೆಗೀತೀನಿ, ಬಂದ್ಮೇಲೆ ಹಾಕ್ತೀನಿ. ತೊಂದರೆ ಏನಿಲ್ಲ."

"ತೊಂದರೆ ಏನಿಲ್ವಾ! ಊರ ರಸ್ತೇಲಿ ಓಡಾಡೋಕೆ ಅವನ ಅಪ್ಪಣೆನಾ ನಿಂಗೆ? ನಾಳೆ ಉಸಿರಾಡೋಕೂ ಒಂದು ಬೀಗದ ಕೈ ಕೊಡ್ತಾನೆ, ಇಸ್ಕೋ!"

ಎಲಾಮನ ಹಿಂದೆ ಅವನ ಟ್ರ್ಯಾಕ್ಟರ್ ನಿಂತಿತ್ತು. ಅವರ ಚರ್ಚಿನ ಕಟ್ಟಳೆಯಲ್ಲಿ ಕಾರು ಕೂಡದು. ಟ್ರ್ಯಾಕ್ಟರ್ ಆಗಬಹುದು, ಆದರೆ ಅದಕ್ಕೆ ರಬ್ಬರ್ ಟೈರ್ ಇರಬಾರದು, ಹಲ್ಲುಹಲ್ಲಿನ ಉಕ್ಕಿನ ಗಾಲಿಯೇ ಇರಬೇಕು. ರಬ್ಬರ್ ಹಾಕಿದರೆ ಹುಡುಗರು ಟ್ರ್ಯಾಕ್ಟರನ್ನೇ ಕಾರು ಮಾಡಿಕೊಂಡು ಪೇಟೆ ಸುತ್ತುತ್ತಾರೆಂದು ಹಿರಿಯರ ಲೆಕ್ಕಾಚಾರ. ಸೈಕಲ್ಲಿಗೆ ಮಾತ್ರ ಅಡ್ಡಿಯಿಲ್ಲ. ಗ್ರೇಡರ್ ಓಡಿಸುವ ಕಾಲದಲ್ಲಿ ಆರ್ಡಿತ್ ಈ ಗಾಲಿಗಳಿಗೆ ಶಾಪ ಹಾಕದ ವಾರವಿರಲಿಲ್ಲ. ಅವು ಜಲ್ಲಿಯನ್ನು ಕಚ್ಚಿ ಕಚ್ಚಿ ಹಾಕುತ್ತಿದ್ದವು, ಅವಳು ಬೈಯುತ್ತ ಮತ್ತೆ ಹರವಿ ಸಮ ಮಾಡುತ್ತಿದ್ದಳು.

"ಊರ ಮಂಡಳಿ ಸಭೆಗೆ ಬಾ," ಎಂದಳು ಅವಳು. "ನಾನು, ನಮ್ಮಪ್ಪ, ನಮ್ಮಜ್ಜ ಎಲ್ಲ ಈ ರಸ್ತೇಲೇ ಓಡಾಡಿದ್ದು ಅಂತ ಎದ್ದು ನಿಂತು ಹೇಳು. ಅಷ್ಟು ಸಾಕು."

"ನಾವು ಯಾರ ಮೇಲೂ ದೂರು ಹೇಳಲ್ಲ ಆರ್ಡಿತ್. ನಿಂಗೆ ಗೊತ್ತಿರೋದೇ."

"ದೂರಲ್ಲ ಕಣಯ್ಯಾ, ಸಾಕ್ಷಿ!"

"ಅವರ ಎದುರಿಗೆ ನಿಂತು ಹೇಳೋದೇ ಅಲ್ವಾ ಎರಡೂ." ಅವನು ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿದ. "ಸುಮ್ನೆ ಬಿಟ್ಬಿಡು. ಆ ರಸ್ತೆ ಮೇಲೆ ದೊಡ್ಡೋರ ಕಣ್ಣು ಬೀಳದೆ ಇದ್ರೇನೇ ಒಳ್ಳೇದು."

"ಹೇಡಿ ಕಣೋ ನೀನು! ದೇವರ ಹೆಸರು ಹೇಳ್ಕೊಂಡು ಬದುಕೋ ಹೇಡಿ!"

ಅಂಗಳದಲ್ಲಿ ಸವರಿದ ದ್ರಾಕ್ಷಿ ಕಡ್ಡಿಗಳನ್ನು ಕಟ್ಟುತ್ತಿದ್ದ ಅವನ ಹೆಂಡತಿ ಲೀನಾ ತಟ್ಟನೆ ಎದ್ದು ನಿಂತಳು. ಬಾಯಿ ತೆರೆದಳು. ಎಲಾಮ್ ಅವಳ ಕಡೆ ಒಮ್ಮೆ ನೋಡಿದ. ಲೀನಾ ಬಾಯಿ ಮುಚ್ಚಿ ಮತ್ತೆ ಕೂತು, ಕಡ್ಡಿಯ ಕಟ್ಟಿಗೆ ದಾರವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು.

ಅಲ್ಲಿಂದ ಮುಂದೆ ಆರ್ಡಿತ್‌ಗೆ ಬೇರೆ ಕೆಲಸವೇ ಇರಲಿಲ್ಲ. ಮಳೆ ಬರಲಿ ಬಿಸಿಲಿರಲಿ, ದಿನಾ ಸರಪಳಿ ದಾಟಿ ಕೆಳಗಿಳಿದು ಮೇಲೆ ಬರುವಳು. ಸರಪಳಿಯ ಪಕ್ಕ ಅವಳು ಸೈಕಲ್ ದಾಟಿಸುವ ಬದಿಗೆ ಪೆಲ್ಹಾಮ್ ಬಂಡೆ ಉರುಳಿಸಿಟ್ಟ. ಅವಳು ಬಂಡೆಯ ಪಕ್ಕದ ಮುಳ್ಳುಪೊದೆ ಕಡಿದು ದಾರಿ ಮಾಡಿದಳು. ಊರಿನವರ ಬೆಂಬಲ ಕೇಳಿದರೆ ಒಬ್ಬೊಬ್ಬರದೂ ಒಂದೊಂದು ನೆವ. ಪೆಲ್ಹಾಮ್ ಅಗ್ನಿಶಾಮಕ ಠಾಣೆಗೆ ಹೊಸ ಅಡುಗೆ ಒಲೆ ಕೊಡಿಸಿದ್ದ, ಅದರ ಋಣ ಎಲ್ಲರ ನಾಲಿಗೆ ಕಟ್ಟಿತ್ತು. "ಒಂದು ಒಲೆಗೆ ಮಾರ್ಕೊಂಡ್ರಲ್ರೋ!" ಎಂದು ಅವಳು ಅಂಗಡಿಯ ನಡುವೆ ನಿಂತು ಕೂಗಿದಳು. ಜನ ತಮ್ಮ ತಮ್ಮ ಸಾಮಾನು ಎತ್ತಿಕೊಂಡು ಹೊರಟರು. ಹಾಗಾಗಿ ಹೊರಗಿನ ಸವಾರರನ್ನೇ ಕರೆದಳು. ಆ ಜೂನ್‌ನ ಸವಾರಿಗೆ ಹಿಂದೆಂದೂ ಬರದಷ್ಟು ಮಂದಿ ಬಂದರು. ಮುನ್ನೂರರ ಮೇಲಿತ್ತು ತಲೆ. ಒಬ್ಬೊಬ್ಬರೂ ಸೈಕಲ್ಲನ್ನು ಹೆಗಲಿಗೆ ಹೊತ್ತು ಸರಪಳಿ ದಾಟಿದರು, ಪೆಲ್ಹಾಮನ ಕಿಟಕಿಯ ಮುಂದೆ ಗಂಟೆ ಬಾರಿಸಿದರು. ಹೆಂಗಸರು, ಮುದುಕರು, ಅಪ್ಪಂದಿರ ಹಿಂದೆ ಕಟ್ಟಿದ ಪುಟ್ಟ ಗಾಡಿಯಲ್ಲಿ ಕೂಸುಗಳು. ಆರ್ಡಿತ್ ಬಂಡೆಯ ಮೇಲೆ ನಿಂತು ಎಲ್ಲದರ ಫೋಟೋ ತೆಗೆದಳು.

ಜುಲೈನಲ್ಲಿ ಸಭೆ ನಡೆಯಿತು. ಮಂಡಳಿಯ ಅಧ್ಯಕ್ಷ ರಾಡ್ನಿ ಕ್ರೌಚ್, ಅವಳ ಜೊತೆಯಲ್ಲೇ ಶಾಲೆಗೆ ಹೋದವನು, ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಪೆಲ್ಹಾಮನ ವಕೀಲ ಮಾತಾಡಿದ. ಆಮೇಲೆ ಆರ್ಡಿತ್ ಎದ್ದಳು. ಫೋಟೋಗಳನ್ನು ಮೇಜಿನ ಮೇಲೆ ಇಸ್ಪೀಟಿನ ಹಾಗೆ ಹಾಕಿದಳು.

"ಇದು ನನ್ನ ರಸ್ತೆ. ನನ್ನ ಮನೆತನದ ರಸ್ತೆ. ಯಾರೂ ಓಡಾಡಲ್ಲ ಅಂತಾರಲ್ಲ, ನೋಡ್ರಿ! ಮಕ್ಕಳು ಮರಿ ಎಲ್ಲ ಓಡಾಡ್ತಾರೆ. ಈ ಜಿಲ್ಲೇಲಿ ಇಷ್ಟು ಜನ ಬರೋ ಜಲ್ಲಿ ರಸ್ತೆ ಇನ್ನೊಂದಿದ್ರೆ ತೋರಿಸಿ, ನಾನು ಸೈಕಲ್ ಬಿಟ್ಬಿಡ್ತೀನಿ!"

ಹೊರಗಿನ ಸವಾರರು ಚಪ್ಪಾಳೆ ತಟ್ಟಿದರು. ಊರಿನವರೂ ತಡವಾಗಿ ತಟ್ಟಿದರು. ಎಲಾಮ್ ಬರಲಿಲ್ಲ. ಮಂಡಳಿ ಕೈ ಎತ್ತಿತು: ರಸ್ತೆ ಊರಿನದು, ಸರಪಳಿ ತೆಗೆಯತಕ್ಕದ್ದು. ಅವತ್ತು ಆ ಹೊಸ ಒಲೆಯಲ್ಲೇ ಬೆಂದ ಪೈಯನ್ನು ಆರ್ಡಿತ್ ಎರಡು ಸಲ ಹಾಕಿಸಿಕೊಂಡು ತಿಂದಳು.

ಮುಂದಿನ ತಿಂಗಳ ಸಭೆಗೆ ಅವಳು ಹೋಗಲಿಲ್ಲ. ಗೆದ್ದಾಗಿತ್ತಲ್ಲ. ಪಕ್ಕದ ಜಿಲ್ಲೆಯಲ್ಲಿ ಯಾರೋ ಹೊಸ ಜಲ್ಲಿ ಸುತ್ತಿನ ಸವಾರಿಗೆ ಕರೆದಿದ್ದರು, ಹೋಗಿ ಕುಣಿದು ಬಂದಳು. ವರ್ಷಗಟ್ಟಲೆ ಒಂದು ಸಭೆಯನ್ನೂ ಬಿಡದೆ ಹೋಗಿ ಜಗಳವಾಡಿದವಳು, ಹೋಗಲೇಬೇಕಾಗಿದ್ದ ಸಭೆಯನ್ನೇ ಬಿಟ್ಟಳು.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಸೈಕಲ್ ಹತ್ತಿ ಹೊರಟವಳಿಗೆ ಮೂಗಿಗೆ ಮೊದಲು ಬಡಿಯಿತು ವಾಸನೆ. ಕಾದ ಡಾಂಬರಿನ ವಾಸನೆ. ಸೀಬ್ರಿಂಗ್ ರಸ್ತೆಯ ಮೇಲ್ತುದಿಯಿಂದ ಟಿಪ್ಪರ್‌ಗಳು ಸಾಲಾಗಿ ನಿಂತಿದ್ದವು. ಎಲಾಮನ ಮನೆಯನ್ನು ದಾಟಿ ಕೆಳಗೆ ಸರೋವರದವರೆಗೂ ರಸ್ತೆ ಅರ್ಧ ಅಗಲಕ್ಕೆ ಆಗಲೇ ಕಪ್ಪಾಗಿ ಹೊಗೆಯಾಡುತ್ತಿತ್ತು. ಕೊನೆಯ ಇಳಿಜಾರಿನ ನಡುವೆ ರಾಡ್ನಿ ಹಳದಿ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದ.

ಅವಳು ಸೈಕಲ್ಲನ್ನು ನೆಲಕ್ಕೆ ಬಿಸಾಡಿದಳು. "ಏನಯ್ಯಾ ಇದು? ಏನಿದು ರಾಡ್ನಿ?"

"ನೀನೇ ಕೇಳಿದ್ದಲ್ಲೇ ಆರ್ಡಿತ್!"

"ನಾನು? ಡಾಂಬರು ಕೇಳಿದ್ನಾ ನಾನು?"

"ಮುನ್ನೂರು ಜನ ಅಂದೆ. ಮಕ್ಕಳು ಮರಿ ಅಂದೆ. ಫೋಟೋ ಬೇರೆ ಹಾಕ್ದೆ. ಈ ಇಳಿಜಾರಲ್ಲಿ ಸಡಿಲು ಜಲ್ಲಿ ಬಿಟ್ಟು, ನಾಳೆ ಯಾವುದಾದ್ರೂ ಕೂಸಿನ ಕತ್ತು ಮುರಿದ್ರೆ ವಿಮೆಯೋರು ಊರನ್ನ ಸುಮ್ನೆ ಬಿಡ್ತಾರಾ? ಅಷ್ಟು ಓಡಾಟ ಇರೋ ರಸ್ತೆಗೆ ರಾಜ್ಯದೋರು ದುಡ್ಡು ಕೊಡ್ತೀವಿ ಅಂದ್ರು. ಬೇಡ ಅನ್ನೋಕಾಗುತ್ತಾ?"

"ಅವರು ಬರ್ತಿದ್ದದ್ದೇ ಜಲ್ಲಿಗೆ ಕಣೋ, ಮುಠ್ಠಾಳ! ಡಾಂಬರು ಅವರ ಮನೆ ಮುಂದೇನೇ ಬೇಕಾದಷ್ಟಿದೆ!"

"ಹಂಗಂತ ಸಭೇಲಿ ಬಂದು ಹೇಳ್ಬೇಕಿತ್ತು. ಎಲ್ಲಿದ್ದೆ ನೀನು?"

ಕೆಳಗೆ ಪೆಲ್ಹಾಮ್ ಕಾಫಿ ಬಟ್ಟಲು ಹಿಡಿದು ತನ್ನ ಗೇಟಿಗೆ ಒರಗಿ ನಿಂತಿದ್ದ. ಊರಿನ ಖರ್ಚಿನಲ್ಲಿ ಡಾಂಬರು ಅವನ ಗೇಟಿನವರೆಗೂ ಬರುತ್ತಿತ್ತು. ಇನ್ನು ಅವನ ಕಾರಿಗೆ ಧೂಳಿಲ್ಲ. ಅವಳನ್ನು ನೋಡಿ ಬಟ್ಟಲು ಮೇಲೆತ್ತಿ, "ಥ್ಯಾಂಕ್ಸ್ ಮೇಡಂ!" ಎಂದ. ಆರ್ಡಿತ್ ಕೈಗೆ ಸಿಕ್ಕ ಒಂದು ಹಿಡಿ ಜಲ್ಲಿ ಎತ್ತಿಕೊಂಡಳು. ಎಸೆಯಲಿಲ್ಲ. ಎಸೆಯದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾಳೆ.

ವಾರ ಕಳೆಯುವಷ್ಟರಲ್ಲಿ ರಸ್ತೆಯ ಮೇಲ್ತುದಿಯಲ್ಲಿ ಹೊಸ ಫಲಕ ನಿಂತಿತು: ಉಕ್ಕಿನ ಹಲ್ಲುಗಾಲಿಗಳಿಗೆ ಪ್ರವೇಶವಿಲ್ಲ. ಆ ಹಲ್ಲುಗಳು ಡಾಂಬರನ್ನು ಕೀಳುತ್ತವೆಂದು ಊರಿನ ಎಲ್ಲ ಡಾಂಬರು ರಸ್ತೆಗಳಿಗೂ ಇರುವ ನಿಯಮವೇ ಅದು. ಎಷ್ಟೋ ಕಡೆ ಅದೇ ಫಲಕವನ್ನು ಗುಂಡಿ ತೋಡಿ ನೆಟ್ಟವಳು ಆರ್ಡಿತ್. ಅದನ್ನು ಇಲ್ಲಿ ಕಂಡಾಗಲೇ ಅವಳಿಗೆ ಎಲಾಮನ ಟ್ರ್ಯಾಕ್ಟರ್ ನೆನಪಾದದ್ದು. ಏಪ್ರಿಲ್‌ನಲ್ಲಿ ಅದರ ಮುಂದೆಯೇ ನಿಂತು ಅವನನ್ನು ಹೇಡಿ ಅಂದಿದ್ದಳು. ಇಷ್ಟು ತಿಂಗಳು ಆ ಗಾಲಿಗಳ ಯೋಚನೆ ಅವಳ ತಲೆಗೆ ಬಂದಿರಲೇ ಇಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಗಡಿಗೆ ಬಂದರೂ ಯಾರನ್ನೂ ಬೈಯಲಿಲ್ಲ. ಜನ ನಿಜಕ್ಕೂ ಹೆದರಿದರು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಗುಡ್ಡವೆಲ್ಲ ಮಾಗಿದ ದ್ರಾಕ್ಷಿಯ ವಾಸನೆ. ಸುಗ್ಗಿಯಲ್ಲಿ ಬಾಡಿಗೆ ಲಾರಿ ಯಾರಿಗೂ ಸಿಗುವುದಿಲ್ಲ, ಎಲಾಮನ ಹಗುರ ಬಗ್ಗಿ ಗಾಡಿಯ ಕುದುರೆ ಅಷ್ಟು ಭಾರ ಎಳೆಯುವುದಿಲ್ಲ. ಅವಳು ಕೊನೆಗೂ ಧೈರ್ಯ ಮಾಡಿ ಆ ಕಡೆ ಹೋದಳು. ಡಾಂಬರಿನ ಮೇಲೆ ಅವಳ ದಪ್ಪ ಟೈರು ಜೇನುಹುಳದ ಹಾಗೆ ಗುಂಯ್‌ಗುಟ್ಟಿತು. ಎಲಾಮನ ಟ್ರ್ಯಾಕ್ಟರ್ ಡಾಂಬರಿನ ಅಂಚಿಗೆ ಸರಿಯಾಗಿ, ಅವನ ಹೊಲದ ಹುಲ್ಲಿನಲ್ಲಿ ನಿಂತಿತ್ತು. ಕೆಳಗಿನ ತೋಟದಿಂದ ಅವನ ಹೆಣ್ಣುಮಕ್ಕಳು ಸೈಕಲ್ಲುಗಳಿಗೆ ದ್ರಾಕ್ಷಿ ಪೆಟ್ಟಿಗೆ ಕಟ್ಟಿ ಗುಡ್ಡದ ಮೇಲಕ್ಕೆ ತಳ್ಳಿಕೊಂಡು ಬರುತ್ತಿದ್ದರು. ಸೈಕಲ್ಲಿಗೆ ಒಂದೇ ಪೆಟ್ಟಿಗೆ. ಲಂಗ ಬೆವರಿನಿಂದ ಕಾಲಿಗೆ ಅಂಟಿತ್ತು. ಬಿಸಿಲಿಗೆ ಕೆಳಗೆ ಹಣ್ಣು ಸಾಲುಸಾಲಾಗಿ ಉದುರುತ್ತಿತ್ತು.

ಎಲಾಮ್ ಅವಳನ್ನು ಕಂಡು ತಲೆಯಾಡಿಸಿದ, ಎಂದಿನಂತೆ.

"ಬೈಯಿ ನನ್ನ," ಎಂದಳು ಆರ್ಡಿತ್. ಧ್ವನಿ ಗಡುಸಾಗಿತ್ತು. "ಒಂದು ಸಲ ಬೈಯಪ್ಪಾ. ನಿನ್ನ ದೇವರು ಕಣ್ಣು ಮುಚ್ಕೋತಾನೆ. ಬೈದ್ಬಿಡು!"

"ರಸ್ತೆ ಉಳೀತಲ್ಲ," ಎಂದ ಅವನು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು.

ಲೀನಾ ಪೆಟ್ಟಿಗೆ ಕೆಳಗಿಟ್ಟು ಬಂದಳು. ಈ ಸಲ ಎಲಾಮ್ ನೋಡಿದರೂ ಅವಳು ಅವನ ಕಡೆ ತಿರುಗಲಿಲ್ಲ.

"ಅವರು ಬೈಯಲ್ಲ. ನಾನು ಬೈತೀನಿ, ಕೇಳು. ಏಪ್ರಿಲ್‌ನಿಂದ ಗಂಟಲಲ್ಲೇ ಇಟ್ಕೊಂಡಿದೀನಿ. ನನ್ನ ರಸ್ತೆ, ನನ್ನ ರಸ್ತೆ ಅಂತ ಊರೆಲ್ಲ ಕೂಗ್ದೆ. ಆ ರಸ್ತೆಗೆ ನಿಮ್ಮಜ್ಜನ ಹೆಸರಿತ್ತು, ನಮ್ಮ ಅನ್ನ ಇತ್ತು ಕಣೇ! ಹೆಂಗೋ ಒಂದು ಬೀಗ ತೆಗ್ದು, ಹಾಕಿ, ತಲೆ ತಗ್ಗಿಸ್ಕೊಂಡು ಓಡಾಡ್ಕೊಂಡಿದ್ವಿ. ಹೌದು, ತಲೆ ತಗ್ಗಿಸ್ಕೊಂಡೇ! ಅದರಿಂದ ನಿನ್ನ ಗಂಟೇನು ಹೋಗಿತ್ತು? ಹೇಡಿ ಅಂದ್ಯಲ್ಲ ನನ್ನ ಗಂಡನ್ನ, ನಮ್ಮ ಅಂಗಳದಲ್ಲೇ ನಿಂತು. ಒಂದು ಸಲ, ಒಂದೇ ಒಂದು ಸಲ, ನಿಮಗೆ ಏನಾಗ್ಬೇಕು ಅಂತ ಕೇಳಿದ್ಯಾ?"

"ಇಲ್ಲ," ಎಂದಳು ಆರ್ಡಿತ್.

"ಇಲ್ಲ!"

ಹೆಣ್ಣುಮಕ್ಕಳು ಅರ್ಧ ಏರಿನಲ್ಲಿ ಸೈಕಲ್ ಹಿಡಿದು ನಿಂತುಬಿಟ್ಟಿದ್ದರು. ಅಮ್ಮ ಹೀಗೆ ಕೂಗಿದ್ದನ್ನು ಅವರು ಕಂಡಿರಲಿಲ್ಲ. ಆರ್ಡಿತ್‌ಗೆ ಕೆನ್ನೆ ಕಾದಿತ್ತು. ಸಿಟ್ಟು ಇತ್ತು, ಹೊಟ್ಟೆ ತುಂಬ ಇತ್ತು, ಆದರೆ ಅದನ್ನು ಕಾರಬಹುದಾದವರು ಎದುರಿಗೆ ಯಾರೂ ಇರಲಿಲ್ಲ. ಅವಳಿಗೆ ಗೊತ್ತಿದ್ದ ದಾರಿ ಒಂದೇ.

"ನಾಳೆನೇ ಮಂಡಳಿಗೆ ಹೋಗ್ತೀನಿ," ಎಂದಳು. "ಆ ಫಲಕ ಕೀಳಿಸ್ತೀನಿ. ರಾಡ್ನಿ ಕುತ್ತಿಗೆಪಟ್ಟಿ ಹಿಡಿದಾದ್ರೂ ಸರಿ, ಈ ಸಲ ಬಿಡಲ್ಲ, ನೀನೇ ನೋಡ್ತಿರು..."

"ಬೇಡ!" ಲೀನಾ ಎರಡೂ ಕೈ ಮುಂದೆ ಚಾಚಿದಳು. "ಬೇಡ ಮಾರಾಯ್ತಿ, ನಿನ್ನ ದಮ್ಮಯ್ಯ. ನಮಗೋಸ್ಕರ ಇನ್ನೊಂದು ಸಲ ಗೆಲ್ಬೇಡ ನೀನು."

ಆರ್ಡಿತ್ ತೆರೆದ ಬಾಯಿ ಹಾಗೆಯೇ ಇತ್ತು. ಆಮೇಲೆ ಎಲಾಮ್ ಅವಳ ಸೈಕಲ್ಲಿನ ದಪ್ಪ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಇದು ಎರಡು ಪೆಟ್ಟಿಗೆ ತಡಿಯುತ್ತೆ," ಎಂದ. ಅವಳು ಸೈಕಲ್ ಹತ್ತದೆ, ಕೈಯಲ್ಲಿ ಹಿಡಿದುಕೊಂಡೇ ಡಾಂಬರಿನ ಮೇಲೆ ತೋಟದ ಕಡೆಗೆ ಇಳಿದು ಹೋದಳು.